ಅಂಜಿಸಿ ನಗುವ ಆಟ

ಕ್ಯಾಮೆರಾ ಬಚ್ಚಿಟ್ಟು, ದಾರಿಹೋಕರನ್ನು ಬೆಚ್ಚಿಬೀಳಿಸಿ, ಆ ಗಾಬರಿಯನ್ನು ಟಿ.ವಿ.ಯಲ್ಲಿ ತೋರಿಸಿ ನಗಿಸುವ ಆಟ ಹೊಸದಲ್ಲ. ಅಮೆರಿಕದ ಅಲೆನ್ ಫಂಟ್ ಎಂಬವರು 1947ರಲ್ಲಿ ರೇಡಿಯೋದಲ್ಲಿ, ಮರುವರ್ಷ ಟಿ.ವಿ.ಯಲ್ಲಿ ಇದನ್ನು ಆರಂಭಿಸಿದರು. 1969ರ ಫೆಬ್ರವರಿಯಲ್ಲಿ ಅವರು ಕುಟುಂಬ ಸಮೇತ ಮಯಾಮಿಗೆ ಹೊರಟಿದ್ದ ವಿಮಾನವನ್ನು ಅಪಹರಣಕಾರರು ಕ್ಯೂಬಾಕ್ಕೆ ತಿರುಗಿಸಿದರು. ಅವರ ಗುರುತು ಹಿಡಿದ ಪ್ರಯಾಣಿಕರು ಇದೂ ಅವರದೇ ಆಟವೆಂದು ನಕ್ಕರು. ಇದು ನಿಜವೆಂದು ಫಂಟ್ ಹೇಳಿದರೂ ನಂಬಲಿಲ್ಲ. ಎಲ್ಲರೂ ಕ್ಷೇಮವಾಗಿ ಮರಳಿದರು, ಅದು ದೈವಕೃಪೆ.

ಈಗ ಆ ಕ್ಯಾಮೆರಾ ಹುಡುಗರ ಜೇಬಿಗೇ ಬಂದಿದೆ. ಸಂತೆಯಿಂದ ಬರುವ ಮುದುಕಿಯ ಕಾಲಬಳಿ ರಬ್ಬರಿನ ಹಾವು ಎಸೆಯುತ್ತಾರೆ. ಆಕೆಯ ಎದೆ ಎಷ್ಟು ಗಟ್ಟಿಯಿದೆಯೆಂದು ಕೇಳಿದವರಾರು? ಆಮೇಲೆ 'ತಮಾಷೆಗೆ ಅಜ್ಜಿ' ಎಂದು ಮೊಬೈಲು ತೋರಿಸಿದರೆ ಪಾಪ, ಆಕೆಯೂ ನಗುತ್ತಾಳೆ. ಅದು ಒಪ್ಪಿಗೆಯಲ್ಲ, ನಾಲ್ಕು ಜನರೆದುರಿನ ಸಂಕೋಚ.

ಶರಣಧರ್ಮ ವಿನೋದ ಬೇಡವೆನ್ನುವುದಿಲ್ಲ. ಆದರೆ ಎದುರಿಗಿದ್ದವರಲ್ಲಿ ಶಿವನನ್ನು ಕಾಣು ಎನ್ನುತ್ತದೆ. ಅಂಜಿಸಿ ನಗುವವನಿಗೆ ಕಾಣುವುದು ಬರೀ ಗೊಂಬೆ. ನಾಳೆ ಅದೇ ಹಾದಿಯಲ್ಲಿ ಆ ತಾಯಿ ನಿಜವಾಗಿಯೇ ಎಡವಿ ಬಿದ್ದು ಕೂಗಿಕೊಂಡಾಗ, ನೀರು ತರಬೇಕಾದವನು ಕ್ಯಾಮೆರಾ ಎಲ್ಲಿದೆಯೆಂದು ಸುತ್ತ ಹುಡುಕುತ್ತ ನಿಂತಿರುತ್ತಾನೆ.