ಗಾರ್ಡ್ ಇಲ್ಲದ ಕಟರ್ ಒಳಗೆ ಬರಬಾರದು

ಡೊಂಬಿವಲಿಯ ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಈ ವಾರ ಕೇಳಿದ ಮಾತಿಗೆ ಇನ್ನೂ ಮೈ ಉರಿಯುತ್ತಿದೆ. ಮೇಲಿನ ಮಹಡಿಯಲ್ಲಿ ವಾರ್ಡ್‌ರೋಬ್ ಮಾಡುತ್ತಿದ್ದ ಬಡಗಿ ಹುಡುಗನ ತೋರುಬೆರಳು ಕಟರಿಗೆ ಸಿಕ್ಕಿ ತುಂಡಾಗಿತ್ತು. ಚರ್ಚೆ ನಡೆದದ್ದು ಲಿಫ್ಟಿನ ರಕ್ತ ತೊಳೆಯುವವರು ಯಾರು ಎಂಬುದರ ಮೇಲೆ. ಹುಡುಗನ ಸುದ್ದಿ ಎತ್ತಿದರೆ, “ಅವನದೇ ಅಜಾಗ್ರತೆ, ನಾವೇನು ಮಾಡೋಣ?” ಎಂದರು ಒಬ್ಬರು. ತಲೆಯಾಡಿಸಿದವರೇ ಹೆಚ್ಚು.

ಅಪಘಾತದ ಮರುದಿನ ಆ ಫ್ಲ್ಯಾಟಿಗೆ ಹೋಗಿದ್ದೆ. ಅದೇ ಯಂತ್ರ, ಬೇರೆ ಹುಡುಗ. ಕಲ್ಲು ಕೊಯ್ಯಲೆಂದೇ ಇರುವ ನಾಲ್ಕಿಂಚಿನ ಮಾರ್ಬಲ್ ಕಟರಿಗೆ ಮರದ ಬ್ಲೇಡ್ ಹಾಕಿ, ತಲೆಕೆಳಗು ಮಾಡಿ ಪ್ಲೈವುಡ್ ಹಲಗೆಯ ಅಡಿಗೆ ಬಿಗಿದಿದ್ದಾರೆ. ಸೀಳಿನಿಂದ ಮೇಲೆದ್ದ ಬ್ಲೇಡೇ ಇವರ ಟೇಬಲ್ ಗರಗಸ. ಸ್ವಿಚ್ ಆನ್‌ನಲ್ಲೇ ಲಾಕ್. ವೈರಿಗೆ ಪ್ಲಗ್ ಇಲ್ಲ, ಬೋಳು ತಂತಿಯನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದೆ. ಬ್ಲೇಡ್ ಮುಚ್ಚುವ ಗಾರ್ಡ್ ಎಲ್ಲಪ್ಪಾ ಎಂದರೆ ಚೀಲ ತೋರಿಸಿದ. “ಅದು ಹಾಕಿದರೆ ಗೆರೆ ಕಾಣಲ್ಲ ಅಂಕಲ್. ಸೇಠ್‌ಗೆ ಕೆಲಸ ಬೇಗ ಮುಗೀಬೇಕು.” ನಿಮಿಷಕ್ಕೆ 12 ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಬ್ಲೇಡಿನ ಮುಂದೆ ಅವನ ಬರಿಗೈ. ಇದಕ್ಕೆ ಅಜಾಗ್ರತೆ ಎನ್ನುವುದು ಅನ್ಯಾಯ.

ಬೆರಳು ಉಳಿಸುವ ಗರಗಸ ಜಗತ್ತಿನಲ್ಲಿ ಇಲ್ಲವೆಂದಲ್ಲ. ಭೌತಶಾಸ್ತ್ರ ಓದಿದ ಅಮೆರಿಕದ ಪೇಟೆಂಟ್ ವಕೀಲ ಸ್ಟೀವ್ ಗ್ಯಾಸ್ 1999ರಲ್ಲಿ ಅದರ ಉಪಾಯ ಕಂಡುಕೊಂಡರು. 2004ರಿಂದ ಸಾಸ್ಟಾಪ್ ಎಂಬ ಹೆಸರಿನಲ್ಲಿ ಮಾರಾಟದಲ್ಲಿದೆ. ಬ್ಲೇಡಿನಲ್ಲಿ ಸಣ್ಣದೊಂದು ವಿದ್ಯುತ್ ಸಂಕೇತ ಸದಾ ಇರುತ್ತದೆ. ಒಣಮರ ಮುಟ್ಟಿದರೆ ಅದಕ್ಕೇನೂ ಆಗುವುದಿಲ್ಲ, ಚರ್ಮ ಮುಟ್ಟಿದರೆ ಕುಸಿಯುತ್ತದೆ. ಕುಸಿದ ಕೂಡಲೇ ಸ್ಪ್ರಿಂಗ್ ಬಿಟ್ಟುಕೊಂಡು ಅಲ್ಯೂಮಿನಿಯಂ ತುಂಡೊಂದು ಬ್ಲೇಡಿನ ಹಲ್ಲುಗಳಿಗೆ ನುಗ್ಗುತ್ತದೆ. 5 ಮಿಲಿಸೆಕೆಂಡಿನೊಳಗೆ ಬ್ಲೇಡ್ ನಿಂತು, ಮೇಜಿನ ಕೆಳಗೆ ಇಳಿಯುತ್ತದೆ. ತುಂಡಾಗಬೇಕಿದ್ದ ಬೆರಳಿಗೆ ಬರೀ ಗೀರು. ಆ ಬ್ಲೇಡೂ ಬ್ರೇಕಿನ ಕಾರ್ಟ್ರಿಜೂ ಹಾಳಾಗುತ್ತವೆ, ಆಗಲಿ. ಟೇಬಲ್ ಗರಗಸದಿಂದ ವರ್ಷಕ್ಕೆ 30 ಸಾವಿರದ ಆಸುಪಾಸು ಗಾಯಗಳು ಎಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜು. ಆದರೂ ಈ ಬ್ರೇಕನ್ನು ಕಡ್ಡಾಯ ಮಾಡಿ ಎಂದು 2003ರಲ್ಲಿ ಕೊಟ್ಟ ಅರ್ಜಿ ಯಂತ್ರ ಕಂಪನಿಗಳ ವಿರೋಧದಲ್ಲಿ ವರ್ಷಗಟ್ಟಲೆ ಎಳೆದಾಡಿತು.

ಅಂಥ ದುಬಾರಿ ಯಂತ್ರ ಉಲ್ಲಾಸನಗರದ ಫರ್ನಿಚರ್ ಮಾರ್ಕೆಟ್ಟಿಗೋ ತುರ್ಭೆಯ ವರ್ಕ್‌ಶಾಪಿಗೋ ನಾಳೆಯೇ ಬರಲಿ ಎಂದು ನಾನು ಕೇಳುತ್ತಿಲ್ಲ. ಕಟರಿನ ಜೊತೆಗೇ ಡಬ್ಬಿಯಲ್ಲಿ ಬರುವ ಗಾರ್ಡಿಗೆ, ಹಲಗೆ ತಳ್ಳುವ ಒಂದು ಮರದ ಕೋಲಿಗೆ ಅಮೆರಿಕ ಬೇಕೇ? ಅಪಾಯದ ಯಂತ್ರಭಾಗಕ್ಕೆ ತಡೆ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಆದರೆ ವಿದ್ಯುತ್ ಬಳಸುವ ಜಾಗದಲ್ಲಿ 10 ಮಂದಿ ಇದ್ದರೆ ಕಾರ್ಖಾನೆ ಎಂದಿದ್ದುದನ್ನು ಮಹಾರಾಷ್ಟ್ರ 2015ರಲ್ಲಿ 20ಕ್ಕೆ ಏರಿಸಿತು. 2020ರ ಕೇಂದ್ರ ಕಾರ್ಮಿಕ ಸಂಹಿತೆಯಲ್ಲೂ ಅದೇ 20. ಐದಾರು ಜನರ ಮರದಂಗಡಿಗೆ, ಫ್ಲ್ಯಾಟಿನೊಳಗಿನ ಕೆಲಸಕ್ಕೆ ಇನ್ಸ್‌ಪೆಕ್ಟರ್ ಯಾರು?

ನಾನು ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ: ಸದ್ದಾಗದ ಅಪಘಾತ ನಮ್ಮೂರಿಗೆ ಅಪಘಾತವೇ ಅಲ್ಲ. ಡೊಂಬಿವಲಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ 2016ರ ಮೇ ತಿಂಗಳಲ್ಲಿ ಪ್ರೊಬೇಸ್, 2024ರ ಮೇ ತಿಂಗಳಲ್ಲಿ ಅಮುದಾನ್ ರಾಸಾಯನಿಕ ಕಾರ್ಖಾನೆಗಳು ಸ್ಫೋಟಿಸಿದಾಗ ದೇಶವೆಲ್ಲ ಇತ್ತ ನೋಡಿತು. ಒಂದೊಂದೇ ಬೆರಳು ಹೋದರೆ ಪೇಪರಿನಲ್ಲಿ ಒಂದು ಸಾಲೂ ಇಲ್ಲ.

1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲಿ ಬೆರಳುಗಳ ಪಟ್ಟಿಯೇ ಇತ್ತು. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ 30 ನಷ್ಟ, ತೋರುಬೆರಳಿಗೆ 14, ನಡುಬೆರಳಿಗೆ 12, ಕಿರುಬೆರಳಿಗೆ 7. ಉಳಿ ಹಿಡಿಯುವವನಿಗೆ, ಮೊಳೆ ನಿಲ್ಲಿಸುವವನಿಗೆ ತೋರುಬೆರಳು ಬರೀ ಶೇ 14ರ ಮಾತೇ? ಆ 14ನ್ನೂ ಈ ಹುಡುಗನಿಗೆ ಕೊಡಿಸುವವರಿಲ್ಲ. ಠೇಕೇದಾರ ಫೋನ್ ಎತ್ತುತ್ತಿಲ್ಲ.

ಮನೆ ರಿಪೇರಿಗೆ ನಮ್ಮ ಸೊಸೈಟಿ ಬರೆಸಿಕೊಳ್ಳುವ ಫಾರ್ಮಿನಲ್ಲಿ ಡಿಪಾಸಿಟ್ ಇದೆ, ಮಧ್ಯಾಹ್ನ ಸದ್ದು ಮಾಡಬಾರದೆಂದಿದೆ, ಲಿಫ್ಟಿನ ಗೋಡೆಗೆ ಗೀರು ಬಿದ್ದರೆ ದಂಡವಿದೆ. ಗಾರ್ಡಿನ ಬಗ್ಗೆ ಒಂದಕ್ಷರವಿಲ್ಲ. ಇಂದೇ ಒಂದು ಸಾಲು ಸೇರಿಸಿ: ಗಾರ್ಡ್ ಬಿಚ್ಚಿದ ಕಟರಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಕೆಲಸ ತಡವಾಗುತ್ತದೆ ಎಂದು ಫ್ಲ್ಯಾಟಿನ ಯಜಮಾನರು ರೇಗಿದರೆ ರೇಗಲಿ. ಅಷ್ಟು ಅವಸರವಿದ್ದರೆ ಆ ಬ್ಲೇಡಿನ ಮುಂದೆ ಹಲಗೆಯನ್ನು ಅವರೇ ತಳ್ಳಲಿ.