ಕೇಳಿದವರೆಷ್ಟು ಮಂದಿ?

ಆಕಾಶವಾಣಿಯೆಂಬ ಶಬ್ದ ಈ ನಾಡಿನ ಕಥಾಪರಂಪರೆಗೆ ಹೊಸದಲ್ಲ. ತಂಗಿಯ ಮದುವೆಯ ರಥವನ್ನು ನಡೆಸುತ್ತಿದ್ದ ಕಂಸನಿಗೆ ಆಕಾಶದಿಂದ ಒಂದು ನುಡಿ ಕೇಳಿಬಂದಿತು. ಆ ಕ್ಷಣವೇ ಅವನು ಖಡ್ಗವನ್ನು ಹಿರಿದನು. ಆ ವಾಣಿ ಉದ್ದೇಶಿಸಿದ್ದು ಒಬ್ಬನನ್ನು. ಅವನು ಕೇಳಿದನೋ ಇಲ್ಲವೋ ಎಂಬ ಸಂಶಯಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ನಿಲಯವೊಂದನ್ನು ಆರಂಭಿಸಿದರು. ಅದಕ್ಕೆ ಈ ಪೌರಾಣಿಕ ನಾಮವೇ ಒಪ್ಪಿತು, ಮುಂದೆ ಅದೇ ದೇಶಕ್ಕೆಲ್ಲ ಹೆಸರಾಯಿತು. ಹೆಸರೇನೋ ಬಂದಿತು, ಆದರೆ ಪುರಾಣದ ವಾಣಿಗಿದ್ದ ಆ ನಿಶ್ಚಯ ಮಾತ್ರ ಬರಲಿಲ್ಲ. ಇಂದಿನ ಆಕಾಶವಾಣಿ ಲಕ್ಷಾಂತರ ಮಂದಿಗೆ ನುಡಿಯುತ್ತದೆ. ಕೇಳಿದವರು ಯಾರು, ಎಷ್ಟು ಮಂದಿ ಎಂಬುದನ್ನು ಅರಿಯದು. ಪತ್ರಿಕೆಯಾದರೆ ಮಾರಾಟವಾದ ಪ್ರತಿಗಳನ್ನು ಎಣಿಸಬಹುದು, ನಾಟಕವಾದರೆ ಟಿಕೀಟುಗಳನ್ನು ಎಣಿಸಬಹುದು. ಗಾಳಿಯಲ್ಲಿ ಹೋದ ಧ್ವನಿಗೆ ರಸೀದಿಯಿಲ್ಲ.

ಭದ್ರಾವತಿಯ ಆಕಾಶವಾಣಿ ನಿಲಯವು 1965ರಲ್ಲಿ ಆರಂಭವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ರೂಪುಗೊಂಡ ಕಬ್ಬಿಣದ ಕಾರ್ಖಾನೆ, ಅನಂತರ ಬಂದ ಕಾಗದದ ಕಾರ್ಖಾನೆ, ಭದ್ರಾ ನಾಲೆಯ ಗದ್ದೆಗಳು, ಅದರಾಚೆಗೆ ಅಡಕೆಯ ತೋಟಗಳು, ಸಮೀಪದಲ್ಲಿಯೇ ಜಿಲ್ಲಾಕೇಂದ್ರವಾದ ಶಿವಮೊಗ್ಗ: ಇಷ್ಟು ಬಗೆಯ ಜನಜೀವನವನ್ನು ಒಂದೇ ಧ್ವನಿಯ ಅಂಕೆಯೊಳಗೆ ತಂದ ನಿಲಯಗಳು ಕನ್ನಡನಾಡಿನಲ್ಲಿ ಹೆಚ್ಚಿಲ್ಲ. ಮಧ್ಯಮ ತರಂಗದ 675 ಕಿಲೋಹರ್ಟ್ಸ್ ಎಂಬ ಅಂಕಿಯು ಒಂದು ತಲೆಮಾರಿನವರಿಗೆ ಮನೆಯ ಬಾಗಿಲ ಸಂಖ್ಯೆಯಷ್ಟೇ ಪರಿಚಿತವಾಗಿತ್ತು.

ಆ ಕಾಲದಲ್ಲಿ ಕೇಳುಗರ ಗಣನೆಗೆ ಒಂದು ಸುಲಭವಾದ ದಾರಿ ಇದ್ದಂತೆ ತೋರುತ್ತಿತ್ತು. ರೇಡಿಯೋ ಇಟ್ಟುಕೊಂಡವರು ವರ್ಷವರ್ಷವೂ ಅಂಚೆಕಚೇರಿಯಲ್ಲಿ ಹಣ ಕಟ್ಟಿ ಪರವಾನಗಿ ಪಡೆಯಬೇಕಾಗಿತ್ತು. 1980ರ ದಶಕದ ಮಧ್ಯಭಾಗದ ಹೊತ್ತಿಗೆ ಆ ಪದ್ಧತಿ ರದ್ದಾಯಿತು. ಪರವಾನಗಿಯ ಪುಸ್ತಕಗಳನ್ನು ಎಣಿಸಿದರೆ ಪೆಟ್ಟಿಗೆಗಳ ಸಂಖ್ಯೆ ದೊರೆಯುತ್ತಿತ್ತು, ನಿಜ. ಆದರೆ ಪೆಟ್ಟಿಗೆ ಕೇಳುಗನಲ್ಲ. ಮಲೆನಾಡಿನಲ್ಲಿ ಅಡಕೆ ಸುಲಿಯುವ ದಿನಗಳಲ್ಲಿ ರಾತ್ರಿಯ ಹೊತ್ತು ಚಪ್ಪರದ ಕೆಳಗೆ ಮೆಟ್ಟುಗತ್ತಿಗಳ ಸಾಲು ಕುಳಿತಿರುತ್ತಿತ್ತು. ಕಂಬಕ್ಕೆ ತೂಗುಹಾಕಿದ ಒಂದು ಟ್ರಾನ್ಸಿಸ್ಟರಿಗೆ ಹತ್ತು ಹದಿನೈದು ಜೋಡಿ ಕಿವಿಗಳು. ಅದೇ ಕಾಲಕ್ಕೆ ಪೇಟೆಯ ಒಂದು ಮನೆಯಲ್ಲಿ ಕಸೂತಿಯ ವಸ್ತ್ರ ಹೊದಿಸಿಕೊಂಡ ದೊಡ್ಡ ರೇಡಿಯೋ ವಾರಕ್ಕೊಮ್ಮೆಯೂ ನುಡಿಯುತ್ತಿರಲಿಲ್ಲ. ಪರವಾನಗಿಯ ಲೆಕ್ಕದಲ್ಲಿ ಎರಡೂ ಒಂದೊಂದೇ.

ಎಲ್ಲರನ್ನೂ ಕೇಳಿ ಬರೆಯುವುದು ಅಸಾಧ್ಯವಾದುದರಿಂದ ಕೆಲವರನ್ನು ಕೇಳಿ ಎಲ್ಲರ ವಿಷಯವನ್ನು ಊಹಿಸುವ ಉಪಾಯ ಹುಟ್ಟಿತು. ಇದು ಪಾಶ್ಚಾತ್ಯರ ಶೋಧವೆಂದು ಅನೇಕರ ಭಾವನೆ. ತರ್ಕವನ್ನು ಓದಿದವರಿಗೆ ಇದು ಸ್ಥಾಲೀಪುಲಾಕನ್ಯಾಯ. ಪಾತ್ರೆಯೊಳಗಿನ ಒಂದು ಅಗುಳನ್ನು ಹಿಸುಕಿ ನೋಡಿದರೆ ಅನ್ನವೆಲ್ಲ ಬೆಂದಿದೆಯೋ ಇಲ್ಲವೋ ತಿಳಿಯುತ್ತದೆ. ಅಡಿಗೆಯ ಮನೆಯಲ್ಲಿ ದಿನವೂ ಸಿದ್ಧವಾಗುವ ಈ ಅನುಮಾನಕ್ಕೆ ಒಂದು ನಿಬಂಧನೆಯಿದೆ. ಅಕ್ಕಿ ಒಂದೇ ಜಾತಿಯದಾಗಿರಬೇಕು, ನೀರು ಎಲ್ಲೆಡೆಗೂ ಸಮನಾಗಿ ಮುಟ್ಟಿರಬೇಕು, ಬೆಂಕಿ ಒಂದೇ ಮಗ್ಗುಲಿಗೆ ಬಿದ್ದಿರಬಾರದು. ಹಳೆಯ ಅಕ್ಕಿಗೆ ಹೊಸ ಅಕ್ಕಿ ಬೆರೆತಿದ್ದರೆ ಒಂದು ಅಗುಳು ಬೆಂದುದು ಮತ್ತೊಂದು ಬೆಂದುದಕ್ಕೆ ಸಾಕ್ಷಿಯಾಗದು. ಕೇಳುಗರ ಸಮುದಾಯವಾದರೋ ಹತ್ತು ಬಗೆಯ ಅಕ್ಕಿ ಬೆರೆತ ಹಂಡೆ. ಅಲ್ಲಿ ಮೊದಲು ಚೆನ್ನಾಗಿ ಕಲಕಬೇಕು. ಅನಂತರ ಒಂದಲ್ಲ, ಹಲವು ಅಗುಳುಗಳನ್ನು ಕಣ್ಣುಮುಚ್ಚಿ ತೆಗೆಯಬೇಕು. ಕಣ್ಣುಮುಚ್ಚಿ ಎಂಬುದು ಇಲ್ಲಿ ಮುಖ್ಯ. ಆರಿಸಿ ತೆಗೆದರೆ ಆರಿಸಿದವನ ಇಷ್ಟವೇ ಫಲಿತಾಂಶವಾಗುತ್ತದೆ.

1930ರ ದಶಕದಲ್ಲಿ ಅಮೆರಿಕದ ಗಣಕರು ದೂರವಾಣಿಯಲ್ಲಿ ಮನೆಮನೆಗೆ ಕರೆಮಾಡಿ ಈಗ ಯಾವ ಕಾರ್ಯಕ್ರಮ ಕೇಳುತ್ತಿರುವಿರಿ ಎಂದು ವಿಚಾರಿಸುತ್ತಿದ್ದರು. ದೂರವಾಣಿಯಿಲ್ಲದ ಬಡವನ ಮನೆಯ ರೇಡಿಯೋ ಅವರ ಪಾಲಿಗೆ ಮೂಕವಾಗಿತ್ತು. ಕಲಕದ ಹಂಡೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಭಾರತದಲ್ಲಿ ಖಾಸಗಿ ಎಫ್.ಎಂ. ನಿಲಯಗಳ ಯುಗ 2001ರಲ್ಲಿ ಬೆಂಗಳೂರಿನಿಂದಲೇ ಮೊದಲಾಯಿತು. ಜಾಹೀರಾತಿನ ಹಣ ಯಾವ ನಿಲಯಕ್ಕೆ ಹರಿಯಬೇಕೆಂಬುದನ್ನು ನಿರ್ಣಯಿಸಲು ಅಂಕಿಗಳು ಬೇಕಾದುವು. 2007ರಲ್ಲಿ ಆರಂಭವಾದ 'ರ‍್ಯಾಮ್' ಎಂಬ ಗಣನೆಯಲ್ಲಿ ಬೆಂಗಳೂರು, ಮುಂಬಯಿ, ದೆಹಲಿಗಳಂಥ ಮಹಾನಗರಗಳ ಒಂದೊಂದರಲ್ಲಿ 480 ಮಂದಿಗೆ ದಿನಚರಿಯ ಪುಸ್ತಕಗಳನ್ನು ಕೊಟ್ಟು, ಯಾವ ಹೊತ್ತಿನಲ್ಲಿ ಯಾವ ನಿಲಯ ಕೇಳಿದಿರೆಂದು ಬರೆಯಿಸಲಾಗುತ್ತಿತ್ತು. ಕೋಟಿಯ ಹತ್ತಿರದ ನಗರಕ್ಕೆ 480 ಮಂದಿ ಸಾಲದೆಂದು ಹಳಿಯುವುದು ಸುಲಭ. ಆ ಹಳಿವು ಪೂರ್ತಿ ಸರಿಯಲ್ಲ. ಹಂಡೆ ದೊಡ್ಡದಾದ ಮಾತ್ರಕ್ಕೆ ಹೆಚ್ಚು ಅಗುಳು ಬೇಕಾಗುವುದಿಲ್ಲ, ಚೆನ್ನಾಗಿ ಕಲಕಿದ್ದರೆ ಸಾಕು. ಆದರೆ ಗಣಿತವು ಇನ್ನೊಂದು ಮಾತನ್ನೂ ಹೇಳುತ್ತದೆ. 480 ಮಂದಿಯಲ್ಲಿ ನೂರಕ್ಕೆ 10 ಮಂದಿ ಒಂದು ನಿಲಯವನ್ನು ಕೇಳಿದರೆಂದು ಬಂದರೆ, ನಿಜವಾದ ಸಂಖ್ಯೆ 7ಕ್ಕೂ 13ಕ್ಕೂ ನಡುವೆ ಎಲ್ಲಿಯಾದರೂ ಇರಬಹುದು. ಹೀಗಿರುವಾಗ 12 ಪಡೆದ ನಿಲಯ ಅಗ್ರಗಣ್ಯ, 10 ಪಡೆದದ್ದು ಸೋತಿತು ಎಂದು ಡಂಗುರ ಸಾರುವುದಕ್ಕೆ ಆಧಾರವೇನು? ಆ 480ರೊಳಗೇ ನಲವತ್ತು ಮೀರಿದ ಹೆಂಗಸರನ್ನು ಮಾತ್ರ ಬೇರ್ಪಡಿಸಿ, ಅವರು 60 ಮಂದಿ ಎಂದು ಇಟ್ಟುಕೊಂಡರೆ, ಅವರಲ್ಲಿ ನೂರಕ್ಕೆ 10 ಎಂಬ ಅಂಕಿಯು 2ರಿಂದ 18ರವರೆಗೆ ಓಲಾಡುತ್ತದೆ. ಓಲಾಟವನ್ನು ಅರ್ಧಕ್ಕೆ ಇಳಿಸಬೇಕಾದರೆ ಕೇಳುವ ಜನರನ್ನು ನಾಲ್ಕುಪಟ್ಟು ಹೆಚ್ಚಿಸಬೇಕು; ಖರ್ಚೂ ಹಾಗೆಯೇ ಏರುವುದು. ಈ ಓಲಾಟವನ್ನು ಅಂಕಿಯ ಜೊತೆಯಲ್ಲಿಯೇ ಮುದ್ರಿಸುವ ಪ್ರಾಮಾಣಿಕತೆ ವ್ಯಾಪಾರದ ಕಾಗದಗಳಲ್ಲಿ ವಿರಳ. ದಶಾಂಶದ ಬಿಂದುವನ್ನು ಮಾತ್ರ ತಪ್ಪದೆ ಹಾಕುತ್ತಾರೆ!

ದಿನಚರಿಯ ದೋಷ ಸಂಖ್ಯೆಯದಷ್ಟೇ ಅಲ್ಲ, ಪ್ರಮಾಣದ್ದು. ನೈಯಾಯಿಕರು ಸ್ಮೃತಿಯನ್ನು ಯಥಾರ್ಥಾನುಭವದ ಪಂಕ್ತಿಯಲ್ಲಿ ಕುಳ್ಳಿರಿಸುವುದಿಲ್ಲ. ಅದು ಹಿಂದಿನ ಅನುಭವದ ಸಂಸ್ಕಾರದಿಂದ ಹುಟ್ಟಿದುದು. ಸಂಸ್ಕಾರ ಮಸುಕಾದಂತೆ ಅದೂ ಮಸುಕು. ದಿನಚರಿಯನ್ನು ಆಯಾ ಹೊತ್ತಿನಲ್ಲಿಯೇ ಬರೆಯಬೇಕೆಂಬುದು ನಿಯಮ. ವಾರದ ಕೊನೆಯಲ್ಲಿ ಒಟ್ಟಿಗೆ ಬರೆದು ಮುಗಿಸುವುದು ಮನುಷ್ಯಸ್ವಭಾವ. ಮನೆಪಾಠದ ಪುಸ್ತಕ ತಿದ್ದುವ ಉಪಾಧ್ಯಾಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗೆ ಬರೆಯುವಾಗ ನೆನಪಿಗೆ ಬರುವುದು ಕೇಳಿದ ನಿಲಯವಲ್ಲ, ಹೆಸರು ನಾಲಗೆಯ ತುದಿಯಲ್ಲಿರುವ ನಿಲಯ. ದಿನವಿಡೀ ತನ್ನ ಹೆಸರನ್ನೇ ಕೂಗಿಕೊಳ್ಳುವ ನಿಲಯಕ್ಕೆ ಇದರಿಂದ ಲಾಭ, ಸಂಗೀತವನ್ನು ಮಾತಿಲ್ಲದೆ ಕೇಳಿಸುವ ನಿಲಯಕ್ಕೆ ನಷ್ಟ.

ಸ್ಮೃತಿಯ ತೊಡಕನ್ನು ನೀಗಲು ಅಮೆರಿಕದಲ್ಲಿ ಆರ್ಬಿಟ್ರಾನ್ ಸಂಸ್ಥೆ ಒಂದು ಪುಟ್ಟ ಯಂತ್ರವನ್ನು ತಂದಿತು. ನಿಲಯವು ತನ್ನ ಧ್ವನಿಯೊಳಗೆ ಕಿವಿಗೆ ಕೇಳದ ಒಂದು ಸಂಕೇತವನ್ನು ಬೆರೆಸುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡ ಯಂತ್ರ ಅದನ್ನು ಗುರುತಿಸಿ ಬರೆದಿಟ್ಟುಕೊಳ್ಳುತ್ತದೆ. ಇದು ಪ್ರತ್ಯಕ್ಷಪ್ರಮಾಣವೆಂದು ಹಲವರು ಹಿಗ್ಗಿದರು. ಆದರೆ 2008ರಲ್ಲಿ ನ್ಯೂಯಾರ್ಕ್ ಹಾಗೂ ನ್ಯೂಜೆರ್ಸಿ ರಾಜ್ಯಗಳ ಅಟಾರ್ನಿ ಜನರಲ್‌ಗಳು ಈ ಗಣನೆಯ ಮೇಲೆ ನ್ಯಾಯಾಲಯದ ಮೆಟ್ಟಿಲೇರಿದರು. ಕರಿಯರನ್ನೂ ಸ್ಪ್ಯಾನಿಷ್ ಮೂಲದವರನ್ನೂ ಸಾಕಷ್ಟು ಸೇರಿಸಿಕೊಳ್ಳದೆ ಅವರ ನಿಲಯಗಳ ಅಂಕಿ ತಗ್ಗುವಂತಾಯಿತೆಂಬುದು ಆಕ್ಷೇಪ. ಮರುವರ್ಷ ಅದು ರಾಜಿಯಲ್ಲಿ ಮುಗಿಯಿತು. ಯಂತ್ರ ಹೊಸದು, ಕಲಕದ ಹಂಡೆ ಹಳೆಯದೇ. ಕೆಲವು ವರ್ಷಗಳ ಮೇಲೆ ಇನ್ನೊಂದು ಸಂಗತಿ ಹೊರಬಿದ್ದಿತು. ಗದ್ದಲದ ಸಂಗೀತದಲ್ಲಿ ಆ ಸಂಕೇತ ಚೆನ್ನಾಗಿ ಅಡಗುತ್ತದೆ. ಮೆಲುಮಾತಿನಲ್ಲಿ, ಮಾತಿನ ನಡುವಣ ಮೌನದಲ್ಲಿ ಅದಕ್ಕೆ ನೆಲೆ ಕಡಿಮೆ. ಸಂಕೇತವನ್ನು ಬಲಪಡಿಸುವ ಉಪಕರಣವನ್ನು ನಿಲಯಗಳು ಕೊಂಡು ಅಳವಡಿಸಿಕೊಂಡ ಮೇಲೆಯೇ, 2015ರ ವೇಳೆಗೆ, ಗಣನೆಯ ಸಂಸ್ಥೆಯೂ ತನ್ನ ಸಂಕೇತವನ್ನು ತಿದ್ದಿಕೊಂಡಿತು.

ಅದೆಲ್ಲ ಸರಿಯಾದರೂ ಮೂಲಪ್ರಶ್ನೆ ಉಳಿಯುತ್ತದೆ. ಶಬ್ದ ಕಿವಿಯನ್ನು ಮುಟ್ಟಿದ ಮಾತ್ರಕ್ಕೆ ಶ್ರವಣವಾಗುವುದಿಲ್ಲ, ಮನಸ್ಸೂ ಅಲ್ಲಿ ಸೇರಬೇಕೆಂಬುದು ಶಾಸ್ತ್ರಜ್ಞರ ಮತ. ಕ್ಷೌರದ ಅಂಗಡಿಯಲ್ಲಿ ಸರದಿಗೆ ಕಾದವನ ಯಂತ್ರವೂ, ಗದ್ದೆಯ ರೋಗಕ್ಕೆ ಮದ್ದು ತಿಳಿಯಲೆಂದು ಕೃಷಿರಂಗದ ಹೊತ್ತಿಗೆ ಕಾದು ಕುಳಿತವನ ಯಂತ್ರವೂ ಒಂದೇ ಗುರುತು ಹಾಕುತ್ತವೆ.

ಇಂಥ ಲೆಕ್ಕಕ್ಕೆ ಮೊದಲ ಬಲಿಯಾಗುವುದು ಚಿಕ್ಕ ಸಮುದಾಯದ ದೊಡ್ಡ ಆಸಕ್ತಿ. 1974ರಿಂದ ಆಕಾಶವಾಣಿ ಸಂಸ್ಕೃತದಲ್ಲಿ ವಾರ್ತೆಯನ್ನು ಪ್ರಸಾರ ಮಾಡತೊಡಗಿತು. ಶಿವಮೊಗ್ಗ ನಗರದಲ್ಲಿ 400 ಮಂದಿಯನ್ನು ಆರಿಸಿ ಕೇಳಿದರೆ ಅದನ್ನು ಕೇಳುವವರು ಇಬ್ಬರೋ ಮೂವರೋ ಸಿಕ್ಕಾರು. ಒಬ್ಬರೂ ಸಿಕ್ಕದಿದ್ದರೂ ಆಶ್ಚರ್ಯವಿಲ್ಲ. ನಗರಕ್ಕೆ ಕೆಲವೇ ಮೈಲಿಗಳ ದೂರದ ಮತ್ತೂರಿನಲ್ಲಿ ವಿಚಾರಿಸಿದರೆ ಉತ್ತರವೇ ಬೇರೆ. ಎದುರು ದಡದ ಹೊಸಹಳ್ಳಿಯಲ್ಲಿ ಗಮಕವನ್ನು ಕುರಿತು ಕೇಳಿದರೂ ಹಾಗೆಯೇ. ಆ ಊರಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ನಗರದ ಮಾದರಿಯಲ್ಲಿ ಶೂನ್ಯವೆಂದು ಕಂಡದ್ದು ತುಂಗೆಯ ದಡದಲ್ಲಿ ಮನೆಮಾತು. ಶೂನ್ಯವೆಂದ ಗಣನೆ ಸುಳ್ಳು ಹೇಳಲಿಲ್ಲ; ಅದನ್ನು ಕೇಳಿದ ಪ್ರಶ್ನೆ ಸಂಕುಚಿತವಾಗಿತ್ತು.

ಹಾಗಾದರೆ ಶ್ರೋತೃಗಳ ಪತ್ರಗಳನ್ನೇ ನಂಬಬಹುದಲ್ಲ ಎನ್ನುವವರುಂಟು. ಮೆಚ್ಚಿನ ಚಿತ್ರಗೀತೆಗಾಗಿ ಬರುತ್ತಿದ್ದ ಅಂಚೆಕಾರ್ಡುಗಳ ರಾಶಿ ಯಾವ ನಿಲಯಕ್ಕಾದರೂ ಹೆಮ್ಮೆಯ ವಿಷಯವಾಗಿತ್ತು. ಆದರೆ ಒಂದೇ ಕೈಬರಹದ ಇಪ್ಪತ್ತು ಕಾರ್ಡುಗಳು ಇಪ್ಪತ್ತು ಮನೆಗಳಲ್ಲ. ಅಕ್ಷರ ಬಾರದ ಕೇಳುಗನ ಕಾರ್ಡು ಬರುವುದೇ ಇಲ್ಲ. 2021ರಿಂದೀಚೆಗೆ ಪ್ರಸಾರ ಭಾರತಿಯು ತನ್ನ ಮೊಬೈಲ್ ಆ್ಯಪಿನ ಮೂಲಕ ಕೇಳುವವರನ್ನು ಲೆಕ್ಕಹಾಕಿ ನಿಲಯಗಳ ಶ್ರೇಣಿಯನ್ನು ಪ್ರಕಟಿಸಿದುದುಂಟು. ಅಲ್ಲಿ ಊಹೆಯಿಲ್ಲ, ಎಣಿಕೆಯಿದೆ. ಆದರೆ ಎಣಿಕೆಗೆ ಬಂದವರು ಅಂತರ್ಜಾಲದಲ್ಲಿ ಕೇಳಿದವರು ಮಾತ್ರ. ಭದ್ರಾವತಿಯ ಎಫ್.ಎಂ. 103.5ನ್ನು ಹಳೆಯ ಪೆಟ್ಟಿಗೆಯಲ್ಲಿಯೇ ಕೇಳುವ ಅಜ್ಜಿ ಅಲ್ಲಿ ಗೈರುಹಾಜರು.

ಸರಕಾರಿ ನಿಲಯಕ್ಕೆ ಈ ಜಂಜಡವೇಕೆ, ಅದೇನು ಅಂಗಡಿಯೇ ಎಂದು ಕೇಳುವ ವಿದ್ವಜ್ಜನರ ಮಾತನ್ನು ಮಾತ್ರ ಒಪ್ಪಲಾಗದು. ಸ್ಥಳೀಯ ಪ್ರಸಾರಕ್ಕೆ ಎಷ್ಟು ಹೊತ್ತು, ದೂರದ ರಾಜಧಾನಿಯಿಂದ ಬರುವ ಪ್ರಸಾರಕ್ಕೆ ಎಷ್ಟು ಹೊತ್ತು ಎಂಬ ಪ್ರಶ್ನೆ ಎದ್ದ ದಿನ, ಲೆಕ್ಕವಿಲ್ಲದ ನಿಲಯದ ಪರವಾಗಿ ವಾದಿಸುವವರ ಕೈಯಲ್ಲಿ ಏನಿರುತ್ತದೆ? ಪ್ರೀತಿ ಇರುತ್ತದೆ, ನೆನಪುಗಳಿರುತ್ತವೆ. ಖರ್ಚಿನ ಪಟ್ಟಿಯ ಎದುರಿಗೆ ಅವು ನಿಲ್ಲವು. ಕೆಟ್ಟ ಲೆಕ್ಕಕ್ಕೆ ಉತ್ತರ ಒಳ್ಳೆಯ ಲೆಕ್ಕವೇ ಹೊರತು ಲೆಕ್ಕದ ನಿರಾಕರಣೆಯಲ್ಲ. ಹಾಗೆಂದು ಲೆಕ್ಕ ಹಣದ ಆಳಾದರೆ ಏನಾಗುವುದೆಂಬುದನ್ನು ದೂರದರ್ಶಕದ ಲೋಕ ಕಂಡಿದೆ. 2020ರ ಅಕ್ಟೋಬರಿನಲ್ಲಿ ಮಾಪಕಯಂತ್ರವಿಟ್ಟ ಮನೆಗಳಿಗೆ ಹಣ ಹಂಚಿ ಅಂಕಿಯನ್ನು ತಿರುಚಿದರೆಂಬ ಆರೋಪ ಮುಂಬಯಿಯಲ್ಲಿ ಎದ್ದು, ವಾರ್ತಾವಾಹಿನಿಗಳ ಸಾಪ್ತಾಹಿಕ ಅಂಕಿಗಳ ಪ್ರಕಟಣೆಯೇ ಒಂದು ವರ್ಷಕ್ಕೂ ಮಿಕ್ಕಿ ನಿಂತುಹೋಯಿತು.

ಆದುದರಿಂದ ಎಣಿಸುವವರು ಲಾಭನಷ್ಟಗಳಿಲ್ಲದವರಾಗಿರಬೇಕು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ. ಅಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ವಿಭಾಗವೂ ಇದೆ. ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಕೈಕಾಲು ಗಟ್ಟಿಯಿರುವ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ವಿಭಾಗದವರು ಮತದಾರರ ಪಟ್ಟಿಯಿಂದ ಚೀಟಿಯೆತ್ತಿ ಮನೆಗಳನ್ನು ಗೊತ್ತುಮಾಡಲಿ; ವಿದ್ಯಾರ್ಥಿಗಳು ತಮ್ಮ ಬಂಧುಗಳ ಮನೆಗಳನ್ನು ಬಿಟ್ಟು ಆ ಮನೆಗಳಿಗೆ ಹೋಗಲಿ. ಕಾರ್ಖಾನೆಯ ಪಾಳಿಯಲ್ಲಿ ದುಡಿಯುವವನನ್ನು ಅವನು ಎದ್ದಿರುವ ಹೊತ್ತಿನಲ್ಲಿ ಕಾಣಬೇಕು. ಬೆಳಗಿನ ಎಂಟಕ್ಕೆ ಮಲಗಿದವನನ್ನು 'ಕೇಳದವನು' ಎಂದು ಬರೆದು ಬರುವುದು ಅನ್ಯಾಯ. ನಿನ್ನೆ ಏನು ಕೇಳಿದಿರೆಂದು ಮಾತ್ರ ವಿಚಾರಿಸದೆ, ಅದರಲ್ಲಿ ಏನು ಹೇಳಿದರೆಂದೂ ಒಂದು ಪ್ರಶ್ನೆ ಇರಲಿ. ಬಾಗಿಲು ತೆರೆಯದ ಮನೆಗಳೆಷ್ಟು, ಉತ್ತರ ಕೊಡದವರೆಷ್ಟು ಎಂಬುದನ್ನೂ ಮುಚ್ಚಿಡದೆ ಬರೆಯಬೇಕು. ಆಕಾಶವಾಣಿಯ ಶ್ರೋತೃ ಸಂಶೋಧನಾ ಘಟಕಗಳ ವರದಿಗಳೂ ಈ ಸಮೀಕ್ಷೆಯ ಪಕ್ಕದಲ್ಲಿಟ್ಟು ನೋಡುವಂತೆ ಊರಿನವರ ಕೈಗೆ ಸಿಗಬೇಕು.

ವರ್ಷಕ್ಕೆ ಒಂದು ಸುತ್ತು ಸಾಲದು. ಮಳೆಗಾಲದ ಕೇಳ್ಮೆ ಬೇರೆ, ಬೇಸಗೆಯದು ಬೇರೆ, ಪರೀಕ್ಷೆಯ ತಿಂಗಳಿನದು ಮತ್ತೂ ಬೇರೆ. ಮೊದಲ ಸುತ್ತನ್ನು ಅಡಕೆಯ ಕೊಯ್ಲಿನ ಕಾಲದಲ್ಲಿ ಹಿಡಿಯುವುದು ಲೇಸು. ಸುಲಿಯುವ ಯಂತ್ರಗಳು ಬಂದ ಮೇಲೆ ಚಪ್ಪರದ ಕೂಟಗಳು ವಿರಳವಾಗಿವೆಯಾದರೂ ಮೆಟ್ಟುಗತ್ತಿಯನ್ನು ಬಿಡದ ಮನೆಗಳು ಇನ್ನೂ ಇವೆ. ಅಂಥಲ್ಲಿಗೆ ಹೋದ ವಿದ್ಯಾರ್ಥಿ ರೇಡಿಯೋ ಇದೆಯೇ ಎಂದು ಕೇಳಿ ಹಿಂದಿರುಗದೆ, ಅದರ ಸುತ್ತ ಎಷ್ಟು ಮಂದಿ ಕುಳಿತಿದ್ದಾರೆಂಬುದನ್ನು ಎಣಿಸಿ ಬರೆದುಕೊಳ್ಳಲಿ.