ಟೇಪಿನ ತೀರ್ಪು

ನಮ್ಮ ಹೊಲಿಗೆ ಪೆಟ್ಟಿಗೆಯಲ್ಲಿರುವಂಥ ಟೇಪಿನಿಂದಲೇ ಅಮೆರಿಕದ ಭೂಸೇನೆ ಸೈನಿಕರ ಮೈಯ ಕೊಬ್ಬನ್ನು ಲೆಕ್ಕ ಹಾಕುತ್ತಿತ್ತು. ಎತ್ತರಕ್ಕೆ ತಕ್ಕ ತೂಕ ಮೀರಿದರೆ ಗಂಡಸರಿಗೆ ಕುತ್ತಿಗೆ, ಹೊಟ್ಟೆ. ಹೆಂಗಸರಿಗೆ ಕುತ್ತಿಗೆ, ನಡು, ನಿತಂಬಗಳ ಅಳತೆ. 21ರಿಂದ 27ರ ವಯಸ್ಸಿನ ಗಂಡಿಗೆ ಶೇ. 22, ಹೆಣ್ಣಿಗೆ ಶೇ. 32 ಮಿತಿ. ಹೆಣ್ಣಿನ ದೇಹರಚನೆಯೇ ಬೇರೆಯೆಂದು ಸೇನೆಯೂ ಒಪ್ಪಿತ್ತು. ಮಿತಿ ಮೀರಿದವರಿಗೆ ಬಡ್ತಿ ತಪ್ಪುತ್ತಿತ್ತು. ಇಳಿಸದಿದ್ದರೆ ಕೆಲಸಕ್ಕೇ ಕುತ್ತು.

ಆದರೆ ಕಸುವಿನ ಮೈಯೂ ತೂಗುತ್ತದೆಯಲ್ಲವೇ? 2023ರಲ್ಲಿ ಸೇನೆ, ದೈಹಿಕ ಪರೀಕ್ಷೆಯ ಆರೂ ವಿಭಾಗಗಳಲ್ಲಿ ತಲಾ 80 ಅಂಕಕ್ಕೆ ಕಡಿಮೆಯಾಗದೆ, ಒಟ್ಟು 600ಕ್ಕೆ 540 ಗಳಿಸಿದವರಿಗೆ ಟೇಪಿನಿಂದ ವಿನಾಯಿತಿ ಕೊಟ್ಟಿತು.

ಮಗಳನ್ನು ‘ದಪ್ಪಗಾದೆ’ ಎಂದು ಹಂಗಿಸುವ ಮುನ್ನ, ಮೆಟ್ಟಿಲು ಹತ್ತುವಾಗ ಅವಳಿಗೆ ಏದುಸಿರು ಬರುತ್ತದೆಯೇ ಎಂದು ನೋಡಿರಿ. ಬಂದರೆ, ಜೊತೆಯಲ್ಲಿ ನೀವೂ ನಡೆಯಿರಿ.